ವಿದ್ಯುದ್ವಾಹನ ನೀತಿಯ ಲಕ್ಷಣವಿಚಾರ

ಕರ್ನಾಟಕ ಸರ್ಕಾರವು 2017ನೆಯ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವಿದ್ಯುದ್ವಾಹನ ಮತ್ತು ಶಕ್ತಿಸಂಗ್ರಹಣ ನೀತಿಯು ಭರತಖಂಡದ ರಾಜ್ಯಗಳಲ್ಲಿ ಈ ಬಗೆಯ ಮೊದಲನೆಯ ನೀತಿಪತ್ರವಾಗಿದೆ. ವಾಹನಗಳ ಹೊಗೆಯಿಂದ ಭೂಮಂಡಲದ ತಾಪವು ಏರುತ್ತಿರುವುದನ್ನು ತಡೆಯುವ ಉಪಾಯಗಳಲ್ಲಿ ಇದನ್ನೂ ಎಣಿಸುವುದುಂಟು. ಕಾವ್ಯಕ್ಕೆ ಹೇಗೋ ನೀತಿಪತ್ರಕ್ಕೂ ಹಾಗೆಯೇ ವಿಮರ್ಶೆಯು ಸಲ್ಲುತ್ತದೆ. ಉದ್ದೇಶಿಸಿದ್ದು ಯಾವುದು, ವಿಧಿಸಿದ್ದು ಯಾವುದು, ಇವೆರಡಕ್ಕೂ ಹೊಂದಿಕೆಯುಂಟೇ ಎಂಬುದನ್ನು ನೋಡತಕ್ಕದ್ದು.

ಮೊದಲು ಗುಣವನ್ನು ಹೇಳಬೇಕು. 31,000 ಕೋಟಿ ರೂಪಾಯಿಗಳ ಬಂಡವಾಳವನ್ನು ಸೆಳೆಯುವುದು, 55,000 ಮಂದಿಗೆ ಉದ್ಯೋಗವನ್ನು ಕಲ್ಪಿಸುವುದು, 2030ರ ವೇಳೆಗೆ ಆಟೋರಿಕ್ಷಾ, ಬಾಡಿಗೆಯ ಕಾರು, ಶಾಲಾವಾಹನ ಮೊದಲಾದವುಗಳನ್ನು ಪೂರ್ಣವಾಗಿ ವಿದ್ಯುತ್ತಿಗೆ ತಿರುಗಿಸುವುದು, ಇವು ಅದರ ಗುರಿಗಳು. ಕೈಗಾರಿಕೆಯ ನೀತಿಯೆಂದು ಓದಿದರೆ ಪತ್ರವು ಸುಸಂಗತವಾಗಿದೆ. ಹೊಗೆಯನ್ನು ತಗ್ಗಿಸುವ ನೀತಿಯೆಂದು ಓದಿದಾಗ ಮಾತ್ರ ತೊಡಕು ತೋರುತ್ತದೆ.

ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ತಾರ್ಕಿಕರು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದ್ದಾರೆ. ಇವುಗಳಲ್ಲಿ ಕಡೆಯದನ್ನು ಈ ನೀತಿಗೆ ಹೊರಿಸಲಾಗದು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ನೀರು, ಗಾಳಿ, ಬಿಸಿಲುಗಳಿಂದ ಹುಟ್ಟಿದ ವಿದ್ಯುತ್ತಿನಿಂದ ಓಡುವ ವಾಹನವು ಓಡುವಾಗ ಇದನ್ನು ಉಳಿಸುವುದು ದಿಟ. ಮಿಕ್ಕ ಎರಡು ದೋಷಗಳು ವಿಚಾರಾರ್ಹವಾಗಿವೆ.

ಅತಿವ್ಯಾಪ್ತಿಯು ‘ಹೊಗೆಯಿಲ್ಲದ ವಾಹನ’ವೆಂಬ ರೂಢಿಯ ಮಾತಿನಲ್ಲಿದೆ. ಪಾವಗಡದ 2,050 ಮೆಗಾವಾಟಿನ ಸೌರಕ್ಷೇತ್ರವು ಹಗಲಿನಲ್ಲಿ ಮಾತ್ರ ವಿದ್ಯುತ್ತನ್ನು ಕೊಡಬಲ್ಲದು. ರಾತ್ರಿ ಬ್ಯಾಟರಿ ತುಂಬಿಸಿಕೊಳ್ಳುವ ವಾಹನಕ್ಕೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನ ಸ್ಥಾವರಗಳೂ ಪಾಲು ಸಲ್ಲಿಸುತ್ತವೆ. ಆ ಮಟ್ಟಿಗೆ ಹೊಗೆಯು ಇಲ್ಲವಾಗುವುದಿಲ್ಲ. ಬೀದಿಯನ್ನು ಬಿಟ್ಟು ಸ್ಥಾವರದ ಚಿಮಣಿಯನ್ನು ಸೇರುತ್ತದೆ. ಆದಕಾರಣ ಯಾವ ವಾಹನವೆಂಬುದರ ಜೊತೆಗೆ ಯಾವ ಹೊತ್ತಿನ ವಿದ್ಯುತ್ತೆಂಬುದನ್ನೂ ಲಕ್ಷಣದಲ್ಲಿ ಸೇರಿಸಬೇಕು.

ಅವ್ಯಾಪ್ತಿಯು ಇದಕ್ಕಿಂತ ಗುರುತರವಾದುದು. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ಪ್ರಾಂತವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ರಾಮನಗರ, ಚನ್ನಪಟ್ಟಣಗಳ ಮೂಲಕ 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲುದಾರಿಯು ಈಗ ಜೋಡಿಮಾರ್ಗವಾಗಿದೆ, ವಿದ್ಯುದೀಕರಣವನ್ನೂ ಪಡೆದಿದೆ. ಸಾವಿರಾರು ಜನರನ್ನು ವಿದ್ಯುತ್ತಿನಿಂದ ಒಯ್ಯುವ ಈ ಸಾಧನವು ನೀತಿಯ ವಾಹನವರ್ಗಗಳಲ್ಲಿ ಬರುವುದಿಲ್ಲ. ರೈಲು ಕೇಂದ್ರ ಸರ್ಕಾರಕ್ಕೆ ಸೇರಿದ್ದೆಂಬ ಸಮಾಧಾನವು ಅರ್ಧ ಮಾತ್ರ ಸರಿ. ನಿಲ್ದಾಣಕ್ಕೆ ಬಸ್ಸನ್ನು ಹೊಂದಿಸುವುದು ರಾಜ್ಯದ ಕೆಲಸವೇ ಆಗಿದೆ. ಕನಕಪುರ, ಮಾಗಡಿಗಳಿಗಂತೂ ರೈಲೇ ಇಲ್ಲ. ಅಲ್ಲಿ ಬಸ್ಸೇ ಗತಿ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡನ್ನು ತರುವ ರೈತನು ತಡಮಾಡುವಂತಿಲ್ಲ, ಚಿಟ್ಟೆ ಹೊರಬಂದರೆ ಗೂಡು ಕೆಡುತ್ತದೆ. ಇಂಥವನ ಪ್ರಯಾಣವನ್ನು ನಿಲ್ಲಿಸಲಾಗದು, ಆದರೆ ಒಬ್ಬೊಬ್ಬರ ಸರಕಿಗೂ ಒಂದೊಂದು ಬಂಡಿಯೋಡುವುದನ್ನು ತಪ್ಪಿಸಬಹುದು.

ಇತ್ತ 2023ನೆಯ ಮಾರ್ಚಿ 12ರಂದು ಉದ್ಘಾಟಿತವಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯು ಕಾರಿನ ವೇಗವನ್ನು ಹೆಚ್ಚಿಸಿತು. ಅದೇ ವರ್ಷದ ಆಗಸ್ಟಿನಿಂದ ದ್ವಿಚಕ್ರವಾಹನ, ಆಟೋ, ಟ್ರಾಕ್ಟರುಗಳಿಗೆ ಅದರ ಮುಖ್ಯಪಥವು ನಿಷಿದ್ಧವಾಯಿತು. ವೇಗವು ಇಮ್ಮಡಿಸಿದರೆ ಗಾಳಿಯ ತಡೆಯು ನಾಲ್ಮಡಿಯಾಗುವುದರಿಂದ ಅತಿವೇಗಕ್ಕೆ ಇಂಧನವೂ ಹೆಚ್ಚು ಬೇಕು. ಒಂದು ಕೈಯಿಂದ ಹೊಗೆಯನ್ನು ತಗ್ಗಿಸಿ ಇನ್ನೊಂದು ಕೈಯಿಂದ ಏರಿಸುವ ಈ ವಿರೋಧವನ್ನು ವಾಹನಗಳ ಎಣಿಕೆಯು ಕಾಣಲಾರದು. ಪ್ರಯಾಣಗಳ ಎಣಿಕೆಯು ಕಾಣಬಲ್ಲದು.

2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನಿತ್ತಿತು. ಅದು ಹೊಗೆಯ ಕಾರಣದಿಂದ ಹುಟ್ಟಿದುದಲ್ಲ. ಹೊಸದಾಗಿ ಹೊರಟ ಪ್ರಯಾಣವು ಹೊಗೆಯನ್ನು ಉಳಿಸುವುದೂ ಇಲ್ಲ. ಆದರೂ ಸ್ಕೂಟರನ್ನು ಬಿಟ್ಟು ಬಸ್ಸನ್ನು ಹತ್ತಿದವಳ ಮಟ್ಟಿಗೆ ಅದು ವಿದ್ಯುದ್ವಾಹನ ನೀತಿಯ ಫಲವನ್ನೇ ಬೇರೆ ದಾರಿಯಿಂದ ಕೊಡುತ್ತದೆ.

2025ರಲ್ಲಿ ಹೊರಬಂದ ಸ್ವಚ್ಛ ಸಂಚಾರ ನೀತಿಯು ಹೆಸರಿನಲ್ಲಿ ‘ವಾಹನ’ವನ್ನು ಬಿಟ್ಟು ‘ಸಂಚಾರ’ವನ್ನು ಹಿಡಿದಿರುವುದು ಶುಭಸೂಚನೆಯೇ ಸರಿ. ಆದರೆ ಅದು ಮುಂದಿಟ್ಟ ಅಂಕೆಗಳು 50,000 ಕೋಟಿಯ ಬಂಡವಾಳ, ಒಂದು ಲಕ್ಷ ಉದ್ಯೋಗ. ಹಾರೋಹಳ್ಳಿಗೆ ಅದು ನಿಯಮಿಸಿದ್ದೂ ಕೈಗಾರಿಕಾ ಸಮುಚ್ಚಯವನ್ನೇ. ಹಾರೋಹಳ್ಳಿಯಲ್ಲಿ ಎಷ್ಟು ವಾಹನಗಳು ತಯಾರಾದವೆಂಬುದು ಉದ್ಯಮದ ಲೆಕ್ಕ. ಅಲ್ಲಿಂದ ಕನಕಪುರಕ್ಕೆ ಹೋಗುವವನು ಸ್ವಂತ ವಾಹನವಿಲ್ಲದೆ ಹೊತ್ತಿಗೆ ಸರಿಯಾಗಿ ತಲುಪಿದನೇ ಎಂಬುದು ಸಂಚಾರದ ಲೆಕ್ಕ. ಈ ಎರಡನೆಯದನ್ನು ಇಡುವವರೆಗೆ ನೀತಿಯ ಹೆಸರು ಅದರ ಅರ್ಥಕ್ಕಿಂತ ದೊಡ್ಡದಾಗಿಯೇ ಉಳಿಯುವುದು.