ತೆರೆಯ ಮೇಲಿನ ವಾಕ್ಯ: ಒಂದು ದೋಷವಿಚಾರ

ಕನ್ನಡದಲ್ಲಿ ಉಪಲಬ್ಧವಿರುವ ಪ್ರಥಮ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿರಿಸಿದೆ. ಅದಕ್ಕೆ ಬಹುಮಟ್ಟಿಗೆ ಆಕರವಾದ ದಂಡಿಯ ‘ಕಾವ್ಯಾದರ್ಶ’ದಲ್ಲಿ ಹತ್ತು ದೋಷಗಳ ಪರಿಗಣನೆಯಿದೆ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ಕಾವ್ಯಕ್ಕೆ ಯಾವ ಸಂಬಂಧವೂ ಇಲ್ಲದ ಕ್ಷೇತ್ರವೊಂದರಲ್ಲಿ, ಇಂಥದೇ ಇನ್ನೊಂದು ದಶಕವು ರೂಪುಗೊಂಡಿತು. ಗಣಕದ ತೆರೆಯನ್ನು ಬಳಸುವವನಿಗೆ ಎಲ್ಲೆಲ್ಲಿ ತೊಡಕಾಗುತ್ತದೆಂಬುದನ್ನು ಕ್ರಮಬದ್ಧವಾಗಿ ಪರಿಶೋಧಿಸುವ ವಿಧಾನವನ್ನು 1990ರಲ್ಲಿ ಯಾಕೋಬ್ ನೀಲ್ಸನ್ ಮತ್ತು ರೋಲ್ಫ್ ಮೊಲಿಕ್ ಎಂಬ ವಿದ್ವಾಂಸರು ಮಂಡಿಸಿದರು. 1994ರಲ್ಲಿ ನೀಲ್ಸನ್ನರು ಅದರ ಸೂತ್ರಗಳನ್ನು ಹತ್ತಕ್ಕೆ ನಿಲ್ಲಿಸಿದರು. ಜಾಲತಾಣಗಳಿಗೂ ಆ್ಯಪ್‌ಗಳಿಗೂ ಇಂದು ನಡೆಯುವ ‘ಬಳಕೆದಾರನ ಅನುಭವದ ಪರಿಶೋಧನೆ’ಗೆ ಈ ಸೂತ್ರಗಳು ಒಂದು ಮುಖ್ಯ ಆಧಾರ.

ಈ ಪರಿಶೋಧನೆಯ ರೀತಿ ಸಾಹಿತ್ಯವಿಮರ್ಶೆಗೆ ದೂರವಾದುದಲ್ಲ. ಪರೀಕ್ಷಕನು ಒಂದೊಂದು ತೆರೆಯನ್ನೂ ಬಳಕೆದಾರನ ಸ್ಥಾನದಲ್ಲಿ ನಿಂತು ಹಾದುಹೋಗುತ್ತಾನೆ. ಸೂತ್ರಕ್ಕೆ ಭಂಗ ಬಂದೆಡೆಯನ್ನು ಗುರುತಿಸಿ, ದೋಷದ ತೀವ್ರತೆಯನ್ನು ನಿರ್ಣಯಿಸುತ್ತಾನೆ. ಒಬ್ಬನೇ ಪರೀಕ್ಷಕನಿಗೆ ಸರಾಸರಿ ಮೂರನೆಯ ಒಂದು ಪಾಲು ದೋಷಗಳು ಮಾತ್ರ ಕಾಣುತ್ತವೆಂದೂ, ಆದುದರಿಂದ ಮೂವರಿಂದ ಐವರು ಪ್ರತ್ಯೇಕವಾಗಿ ನೋಡಿ ಬಳಿಕ ಕೂಡಿ ವಿಚಾರಿಸಬೇಕೆಂದೂ ನೀಲ್ಸನ್ನರ ಮತ. ಸಹೃದಯನೊಬ್ಬನ ತೀರ್ಪು ಪರ್ಯಾಪ್ತವಲ್ಲವೆಂಬ ಈ ವಿನಯ ವಿಮರ್ಶಕರಿಗೂ ಬೇಕಾದುದೇ.

ಈ ಸಾಮ್ಯವು ಕೇವಲ ಚಮತ್ಕಾರವಲ್ಲ ಎಂಬುದಕ್ಕೆ ಹವಾಯಿ ದ್ವೀಪಗಳ ಒಂದು ಪ್ರಕರಣ ಸಾಕ್ಷಿಯಾಗಿದೆ. 2018ರ ಜನವರಿ 13ರ ಶನಿವಾರ ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಅಲ್ಲಿನ ಜನರ ದೂರವಾಣಿಗಳಲ್ಲಿ ಒಂದು ಸಂದೇಶ ಮೂಡಿತು. ಕ್ಷಿಪಣಿಯೊಂದು ದ್ವೀಪದತ್ತ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ತಾಲೀಮಲ್ಲ ಎಂಬುದು ಅದರ ಸಾರ. ಯಾವ ಕ್ಷಿಪಣಿಯೂ ಬರುತ್ತಿರಲಿಲ್ಲ. ಆದರೆ ಆ ಮಾತು ಸುಳ್ಳೆಂದು ಅದೇ ಮಾರ್ಗದಲ್ಲಿ ತಿಳಿಸುವುದಕ್ಕೆ 38 ನಿಮಿಷಗಳು ಹಿಡಿದವು. ಅಷ್ಟು ಹೊತ್ತು ತಂದೆತಾಯಿಗಳು ಮಕ್ಕಳನ್ನು ಅಪ್ಪಿಕೊಂಡು ಮೃತ್ಯುವನ್ನು ನಿರೀಕ್ಷಿಸುತ್ತಿದ್ದರು.

ಅಮೆರಿಕದ ಸಂಪರ್ಕ ಆಯೋಗವು ಅದೇ ವರ್ಷ ನಡೆಸಿದ ತನಿಖೆಯ ವಿವರಗಳನ್ನು ದಂಡಿಯ ದೋಷಪ್ರಕರಣದ ಪಕ್ಕದಲ್ಲಿಟ್ಟು ನೋಡಬಹುದು. ಪಾಳಿ ಬದಲಾಗುವ ಹೊತ್ತಿನಲ್ಲಿ ಒಂದು ತಾಲೀಮು ನಡೆಯಿತು. ದೂರವಾಣಿಯಲ್ಲಿ ಕೇಳಿಸಿದ ಧ್ವನಿಮುದ್ರಿಕೆಯ ಆದ್ಯಂತಗಳಲ್ಲಿ ‘ಅಭ್ಯಾಸ’ ಎಂಬ ಮಾತು ಮೂರು ಮೂರು ಬಾರಿ ಇದ್ದಿತು. ನಡುವೆ ‘ಇದು ತಾಲೀಮಲ್ಲ’ ಎಂಬ ವಾಕ್ಯವೂ ಇದ್ದಿತು. ಪೂರ್ವಾಪರಗಳು ಪರಸ್ಪರ ವಿರೋಧಿಸುವ ಉಕ್ತಿಗೆ ದಂಡಿಯು ‘ವ್ಯರ್ಥ’ವೆಂದು ಹೆಸರಿಟ್ಟಿದ್ದಾನೆ. ಇದಕ್ಕಿಂತ ಭಯಂಕರವಾದ ಉದಾಹರಣೆ ಅಲಂಕಾರಶಾಸ್ತ್ರದಲ್ಲಿ ದೊರೆಯಲಾರದು.

ಎರಡನೆಯದು ‘ಸಸಂಶಯ’. ನಿರ್ಣಯಕ್ಕಾಗಿ ಪ್ರಯೋಗಿಸಿದ ಮಾತೇ ಸಂಶಯವನ್ನು ಹುಟ್ಟಿಸಿದರೆ ಅದು ಈ ದೋಷ. ಎಚ್ಚರಿಕೆಯನ್ನು ಕಳುಹಿಸುವ ಮುನ್ನ ತಂತ್ರಾಂಶವು, ಕಳುಹಿಸುವುದು ಖಚಿತವೇ ಎಂದು ಅಧಿಕಾರಿಯನ್ನು ಪ್ರಶ್ನಿಸುತ್ತಿತ್ತು. ಪರೀಕ್ಷಾ ಸಂದೇಶಕ್ಕೂ ನಿಜವಾದ ಸಂದೇಶಕ್ಕೂ ಪ್ರಶ್ನೆಯ ಮಾತುಗಳು ಒಂದೇ! ಯಾವುದನ್ನು ಕಳುಹಿಸಲಾಗುತ್ತಿದೆ ಎಂಬುದನ್ನು ಹೇಳದ ಪ್ರಶ್ನೆ ಯಾರನ್ನು ಎಚ್ಚರಿಸೀತು?

ಮೂರನೆಯದು ಮೌನದ ದೋಷ. ತಪ್ಪನ್ನು ಹಿಂತೆಗೆದುಕೊಳ್ಳುವ ದಾರಿ ಬಳಕೆದಾರನಿಗೆ ಸದಾ ತೆರೆದಿರಬೇಕೆಂಬುದು ನೀಲ್ಸನ್ನರ ಹತ್ತು ಸೂತ್ರಗಳಲ್ಲಿ ಒಂದು. ಹವಾಯಿಯಲ್ಲಿ ಸಂದೇಶದ ಪುನಃಪ್ರಸಾರವನ್ನು ಕೆಲವೇ ನಿಮಿಷಗಳಲ್ಲಿ ತಡೆಯಲಾಯಿತು. ಆದರೆ ಆಗಲೇ ಓದಿ ನಡುಗಿದವರಿಗೆ ಅದರಿಂದ ಏನೂ ತಿಳಿಯಲಿಲ್ಲ. ಭಯವನ್ನು ಹೇಳುವ ವಾಕ್ಯ ಸಿದ್ಧವಾಗಿದ್ದಿತು, ಅಭಯವನ್ನು ಹೇಳುವ ವಾಕ್ಯ ಸಿದ್ಧವಿರಲಿಲ್ಲ. ಪುನರುಕ್ತಿಯು ದೋಷವಾದರೂ ಅನುಕಂಪೆಯ ಸಂದರ್ಭದಲ್ಲಿ ದೋಷವಲ್ಲವೆಂದು ದಂಡಿಯೇ ವಿನಾಯಿತಿ ಕೊಟ್ಟಿದ್ದಾನೆ. ಅಪಾಯವಿಲ್ಲ, ಅಪಾಯವಿಲ್ಲ ಎಂದು ಹತ್ತು ಬಾರಿ ಹೇಳಬೇಕಾದ ಗಳಿಗೆ ಅದಾಗಿದ್ದಿತು.

ಇಷ್ಟರಿಂದ ವಿಮರ್ಶೆ ಮುಗಿಯಿತೆಂದು ಭಾವಿಸಿದರೆ ಅದು ಆತುರವಾದೀತು. ಮೊದಲು ಹರಡಿದ ವಾರ್ತೆ, ನೌಕರನೊಬ್ಬನು ತಪ್ಪು ಗುಂಡಿಯನ್ನೊತ್ತಿದನೆಂಬುದು. ಒತ್ತೊತ್ತಾಗಿ ಹೆಸರುಗಳಿದ್ದ ಪಟ್ಟಿಯೊಂದರ ಚಿತ್ರವು ಪತ್ರಿಕೆಗಳಲ್ಲಿ ಬಂದಿತು. ವಿನ್ಯಾಸಕಾರರು ಅದನ್ನು ಹಿಡಿದು ಟೀಕೆಗಳ ಮೇಲೆ ಟೀಕೆಗಳನ್ನು ಬರೆದರು. ಅದು ಯಥಾರ್ಥವಾದ ತೆರೆಯಲ್ಲವೆಂದು ಅಧಿಕಾರಿಗಳು ಆಮೇಲೆ ತಿಳಿಸಿದರು. ಅಶುದ್ಧ ಪಾಠದ ಮೇಲೆ ವ್ಯಾಖ್ಯಾನ ಬರೆದಂತಾಯಿತು. ತನಿಖೆಯಲ್ಲಿ ಆ ನೌಕರನು ಕೊಟ್ಟ ಹೇಳಿಕೆ ಬೇರೆಯೇ ಆಗಿದ್ದಿತು: ‘ಅಭ್ಯಾಸ’ವೆಂಬ ಮಾತು ತನಗೆ ಕೇಳಿಸಲಿಲ್ಲ, ಸಂಕಟ ನಿಜವೆಂದೇ ನಂಬಿ ಸಂದೇಶವನ್ನು ಕಳುಹಿಸಿದೆ. ಹಾಗಿದ್ದರೆ ತೆರೆಯ ಪ್ರಶ್ನೆ ಎಷ್ಟೇ ಸ್ಪಷ್ಟವಾಗಿದ್ದರೂ ಅವನು ಹೌದೆಂದೇ ಉತ್ತರಿಸುತ್ತಿದ್ದನು. ಸಸಂಶಯವೆಂಬ ದೋಷ ತೆರೆಯಲ್ಲಿದ್ದುದು ನಿಜ. ಅನರ್ಥಕ್ಕೆ ಅದೇ ಕಾರಣವೆಂಬುದು ನಿಜವಲ್ಲ. ಕೃತಿಯಲ್ಲಿ ದೋಷವಿರುವುದು ಬೇರೆ, ಆ ದೋಷದಿಂದಲೇ ಫಲ ಕೆಟ್ಟಿತೆನ್ನುವುದು ಬೇರೆ. ಈ ಎರಡನ್ನು ಬೆರೆಸುವ ಪರಿಶೋಧನೆ ಎಷ್ಟು ಸೂತ್ರಬದ್ಧವಾಗಿದ್ದರೂ ನ್ಯಾಯವಾಗದು.

ಇಲ್ಲಿಯೇ ‘ಅನುಭವ’ವೆಂಬ ಪದದ ವ್ಯಾಪ್ತಿ ಗೋಚರಿಸುತ್ತದೆ. ಬಳಕೆದಾರನ ಅನುಭವ ತೆರೆಯ ಚೌಕಟ್ಟಿನಲ್ಲಿ ಮುಗಿಯುವುದಿಲ್ಲ. ಅವನ ಕಿವಿಗೆ ಬಿದ್ದ ಮಾತು, ಪಾಳಿ ಬದಲಾವಣೆಯ ಗಡಿಬಿಡಿ, ತಾಲೀಮಿನ ಬಗೆಗೆ ಮೇಲ್ವಿಚಾರಕರೊಳಗಿನ ಅಪಗ್ರಹಿಕೆ, ಒಬ್ಬನ ಕೈಯಲ್ಲಿಯೇ ಇದ್ದ ಅಧಿಕಾರ, ಇವೆಲ್ಲವೂ ಅದರ ಅಂಗಗಳು. ಪ್ರಕರಣದ ತರುವಾಯ ಸಂದೇಶಕ್ಕೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮವೂ ಸುಳ್ಳು ಎಚ್ಚರಿಕೆಯನ್ನು ತಿದ್ದುವ ಸಿದ್ಧ ಸಂದೇಶವೂ ಬಂದವು. ಆ ನೌಕರನನ್ನು ಕೆಲಸದಿಂದ ತೆಗೆಯಲಾಯಿತು. ಸಂಸ್ಥೆಯ ಮುಖ್ಯಾಧಿಕಾರಿಯು ರಾಜೀನಾಮೆಯಿತ್ತನು. ದಂಡನೆ ವ್ಯಕ್ತಿಗಳಿಗೆ ಸಂದಿತು. ಮುಂದಿನ ಅನರ್ಥಕ್ಕೆ ತಡೆಯಾಗುವುದು ಮಾತ್ರ ಆ ದಂಡನೆಯಲ್ಲ, ಈ ತಿದ್ದುಪಡಿ.

2023ರ ಅಕ್ಟೋಬರಿನಲ್ಲಿ ಕರ್ನಾಟಕದ ದೂರವಾಣಿಗಳಲ್ಲಿಯೂ ತುರ್ತು ಎಚ್ಚರಿಕೆಯ ಧ್ವನಿ ಒಮ್ಮೆಗೇ ಮೊಳಗಿದ್ದುಂಟು. ಅದು ದೂರಸಂಪರ್ಕ ಇಲಾಖೆಯ ಪರೀಕ್ಷೆಯೆಂದೂ ಲಕ್ಷಿಸಬೇಕಾಗಿಲ್ಲವೆಂದೂ ಸಂದೇಶದಲ್ಲಿಯೇ ಹೇಳಿದ್ದಿತು. ಆ ಒಂದು ವಾಕ್ಯವನ್ನು ಬರೆದವರು ಕಾವ್ಯಾದರ್ಶವನ್ನು ಓದಿರಬೇಕಾಗಿಲ್ಲ. ಆದರೆ ಕೇಳುವವನ ಎದೆಯನ್ನು ನೆನೆದು ಮಾತನ್ನು ತೂಗುವುದು ಕವಿಗೆ ಎಷ್ಟು ಧರ್ಮವೋ, ತೆರೆಯ ಮೇಲೆ ಎರಡು ಪದಗಳನ್ನು ಬರೆಯುವವನಿಗೂ ಅಷ್ಟೇ ಧರ್ಮ. ಕವಿಯ ತಪ್ಪಿನಿಂದ ರಸಭಂಗವಾಗುತ್ತದೆ. ಇವನ ತಪ್ಪಿನಿಂದ ಒಂದು ನಾಡಿನ ಧೈರ್ಯವೇ ಭಂಗವಾಗಬಹುದು.