ತೈಲಾಶಯಗಳ ಜಲನಿರೋಧದಲ್ಲಿ ಜೆಲ್ಲುಗಳು: ಒಂದು ಪ್ರಬಂಧದ ವಿಮರ್ಶೆ

ಎಣ್ಣೆಬಾವಿಗಳು ಹಳತಾದಂತೆ ಎಣ್ಣೆಯೊಡನೆ ನೀರೂ ಹೆಚ್ಚುಹೆಚ್ಚಾಗಿ ಮೇಲೇರುವುದು ಸಾಮಾನ್ಯ. ಅದನ್ನು ಎತ್ತಿ, ಬೇರ್ಪಡಿಸಿ, ವಿಲೇವಾರಿ ಮಾಡುವ ವೆಚ್ಚದಿಂದಲೇ ಎಣ್ಣೆ ಉಳಿದಿರುವ ಬಾವಿಗಳನ್ನೂ ಮುಚ್ಚಬೇಕಾಗುತ್ತದೆ. ಪಾಲಿಅಕ್ರಿಲಮೈಡ್ ದ್ರಾವಣವನ್ನು ಕ್ರೋಮಿಯಂ ಅಸಿಟೇಟಿನಿಂದ ಬೆಸೆದು, ಆ ಜೆಲ್ಲಿನಿಂದ ನೀರಿನ ದಾರಿಯನ್ನು ತಡೆಯುವ ವಿಧಾನವು 1980ರ ದಶಕದಿಂದ ಬಳಕೆಯಲ್ಲಿದೆ. ಅತಿಜಲೋತ್ಪತ್ತಿಯನ್ನು ಎದುರಿಸುವ ಕ್ರಮವನ್ನು ಕುರಿತು ಸೆರೈಟ್, ಲೇನ್ ಮತ್ತು ಸಿಡಾನ್ಸ್ಕ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದಲ್ಲಿ ಗಣ್ಯವಾದುದು.

ನಿದಾನವಿಲ್ಲದೆ ಚಿಕಿತ್ಸೆ ಸಲ್ಲದೆಂಬುದು ಪ್ರಬಂಧದ ಸಾರ. ಲೇಖಕರು 13 ಬಗೆಯ ಸಮಸ್ಯೆಗಳನ್ನು ಸುಲಭದಿಂದ ಕಠಿನದವರೆಗೆ 4 ವರ್ಗಗಳಾಗಿ ವಿಂಗಡಿಸಿ, ಪ್ರವಾಹವು ಬಿರುಕುಗಳಲ್ಲಿನಂತೆ ರೇಖೀಯವೋ, ಬಾವಿಯ ಸುತ್ತಲಿನ ಶಿಲೆಯಲ್ಲಿನಂತೆ ತ್ರಿಜ್ಯೀಯವೋ ಎಂಬುದನ್ನು ಮೊದಲು ಅರಿಯಬೇಕೆನ್ನುತ್ತಾರೆ.

ಈ ಭೇದದ ಮಹತ್ತ್ವವನ್ನು ಗಣಿತವೇ ತೋರಿಸುತ್ತದೆ. ಜೆಲ್ಲು ಎಣ್ಣೆಯ ಪ್ರವಾಹವನ್ನು 50 ಪಟ್ಟು, ನೀರಿನದನ್ನು 5,000 ಪಟ್ಟು ತಡೆಯುವುದೆಂದು ಭಾವಿಸೋಣ. ರೇಖೀಯ ಪ್ರವಾಹದಲ್ಲಿ 100 ಮೀಟರ್ ಶಿಲೆಯ ಪೈಕಿ 1 ಮೀಟರಿನಷ್ಟು ಜೆಲ್ಲು ತುಂಬಿದರೆ ಎಣ್ಣೆ ಸುಮಾರು ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ನೀರು ಸುಮಾರು 50ರಲ್ಲಿ ಒಂದು ಪಾಲಿಗಿಳಿಯುತ್ತದೆ. ತ್ರಿಜ್ಯೀಯ ಪ್ರವಾಹದಲ್ಲಾದರೋ, ಬಾವಿಯ ತ್ರಿಜ್ಯ 10 ಸೆಂಟಿಮೀಟರ್, ಆಶಯದ್ದು 100 ಮೀಟರ್ ಆಗಿದ್ದು, ಜೆಲ್ಲು ಬಾವಿಯ ಕೇಂದ್ರದಿಂದ 1 ಮೀಟರಿನವರೆಗೆ ಹಬ್ಬಿದರೆ ಎಣ್ಣೆಯೇ 17ರಲ್ಲಿ ಒಂದು ಪಾಲಿಗಿಳಿಯುತ್ತದೆ. ಜೆಲ್ಲು ನೀರನ್ನೇ ಹೆಚ್ಚಾಗಿ ತಡೆಯುವುದರಿಂದ ಎಲ್ಲ ಸ್ತರಗಳಿಗೂ ಅದನ್ನು ನಿಶ್ಚಿಂತೆಯಿಂದ ಹೊಗಿಸಬಹುದೆಂಬ ವಾದವು ಇಲ್ಲಿ ಬಿದ್ದುಹೋಗುತ್ತದೆ. ಅಂತಹ ಬಾವಿಯಲ್ಲಿ ಎಣ್ಣೆಯ ಸ್ತರವನ್ನು ಪ್ರತ್ಯೇಕಿಸಿ ರಕ್ಷಿಸಲೇಬೇಕು.

ಆದರೆ ಪ್ರಬಂಧದ ನಿದಾನಕ್ರಮವು ನಿರ್ದೋಷವೆನ್ನಲಾಗದು. ಬಾವಿಯ ನೈಜ ಉತ್ಪಾದಕತೆಯು ಡಾರ್ಸಿಯ ತ್ರಿಜ್ಯೀಯ ಸೂತ್ರದ ಗಣನೆಗಿಂತ ಬಹಳ ಹೆಚ್ಚಾಗಿದ್ದರೆ ಬಿರುಕು ಇದೆಯೆಂದು ಊಹಿಸಬೇಕೆನ್ನಲಾಗಿದೆ. ಬಾವಿಯ ಆಸುಪಾಸಿನ ಶಿಲೆ ಕೆಸರಿನಿಂದಲೋ ಲವಣದಿಂದಲೋ ಕಟ್ಟಿಕೊಂಡಿದ್ದರೆ, ಬಿರುಕಿದ್ದರೂ ಉತ್ಪಾದಕತೆ ಕುಂದಿ ಈ ಲಕ್ಷಣ ಮರೆಯಾಗಬಹುದು. ಆದುದರಿಂದ ಈ ಪರೀಕ್ಷೆಯ ಅಸ್ತಿಪಕ್ಷವನ್ನು ನಂಬಬಹುದಾದಷ್ಟು ನಾಸ್ತಿಪಕ್ಷವನ್ನು ನಂಬಲಾಗದು. ಒತ್ತಡಪರೀಕ್ಷೆ ಮತ್ತು ಬಾವಿಗಳ ನಡುವಣ ಸೂಚಕದ್ರವ್ಯ ಪರೀಕ್ಷೆಗಳ ಬೆಂಬಲ ಅದಕ್ಕೆ ಅವಶ್ಯ.

ಹೀಗಿದ್ದರೂ, ಜೆಲ್ಲಿನ ಸಂಶೋಧನೆಯಲ್ಲೇ ದುಡಿದ ಲೇಖಕರು ಅದು ಸಲ್ಲದ ಎಡೆಗಳನ್ನೂ ಮರೆಮಾಚದೆ ಹೇಳಿರುವುದು ಶ್ಲಾಘನೀಯ. ಶಂಕುವಿನಾಕಾರದಲ್ಲಿ ಕೆಳಗಿನಿಂದೇರುವ ನೀರಿಗೂ, ಸ್ತರದಿಂದ ಸ್ತರಕ್ಕೆ ದಾಟಿ ಹರಿಯುವ ನೀರಿಗೂ ಜೆಲ್ಲಿನಿಂದ ಫಲ ದೊರೆಯುವುದು ದುರ್ಲಭವೆಂಬ ಅವರ ಎಚ್ಚರಿಕೆಯನ್ನು ಬಾವಿಗಿಳಿಯುವ ಮುನ್ನ ಎಂಜಿನಿಯರುಗಳು ಓದಿಕೊಳ್ಳುವುದು ಒಳಿತು.