'ಸುಳ್ಳು ಇಂಗ್ಲಿಷ್' ಎಂಬ ಹೆಸರು: ಜರ್ಮನ್ ಎರವಲು ಪದಗಳ ಅರ್ಥಪಲ್ಲಟ ಕುರಿತು ಒಂದು ವಿಮರ್ಶೆ

ಗಡಿನಾಡಿನ ಕನ್ನಡವನ್ನು ಕುರಿತ ಸಂಕಿರಣದಲ್ಲಿ ಜರ್ಮನ್ ಭಾಷೆಗೆ ಏನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ನಮ್ಮಲ್ಲಿ ಪದಸಂಗ್ರಹ ಮಾಡುವವರಿಗೆ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆ ಇದೆ. ಬೇರೆ ಭಾಷೆಯಿಂದ ಬಂದ ಪದ ತನ್ನ ಮೂಲಾರ್ಥವನ್ನು ಬಿಟ್ಟು ಇನ್ನೊಂದು ಅರ್ಥದಲ್ಲಿ ನೆಲೆ ನಿಂತರೆ ಅದನ್ನು ಏನೆಂದು ಗುರುತಿಸಬೇಕು? ಅರ್ಥಪಲ್ಲಟವೆಂದೇ, ತಪ್ಪು ಪ್ರಯೋಗವೆಂದೇ? ಜರ್ಮನಿಯಲ್ಲಿ ಇಂಗ್ಲಿಷ್ ಎರವಲುಗಳ ಮೇಲೆ ನೂರು ವರ್ಷಕ್ಕೂ ಮಿಕ್ಕಿ ವಾದ ನಡೆದಿದೆ. ಅಲ್ಲಿನ ವಿದ್ವಾಂಸರು ಬಳಸುವ ಒಂದು ಹೆಸರನ್ನು ಪರೀಕ್ಷಿಸಿದರೆ ನಮ್ಮ ಪ್ರಶ್ನೆಗೂ ದಾರಿ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಕೆಲವು ಉದಾಹರಣೆಗಳು. ಜರ್ಮನರು ಮೊಬೈಲ್ ಫೋನಿಗೆ 'ಹ್ಯಾಂಡಿ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು 'ಕೈಗೆ ಒದಗುವ' ಎಂಬ ಅರ್ಥದ ವಿಶೇಷಣ. ಜರ್ಮನಿನಲ್ಲಿ ಅದು ನಾಮಪದ, ಲಿಂಗ ನಪುಂಸಕ, ಉಚ್ಚಾರ ಹೆಚ್ಚುಕಡಿಮೆ 'ಹೆಂಡಿ'. ಬಹುವಚನದಲ್ಲಿ ಇಂಗ್ಲಿಷಿನ ರೀತಿಯಲ್ಲಿ ಕೊನೆಯಕ್ಷರ ಬದಲಾಗುವುದಿಲ್ಲ, ಸುಮ್ಮನೆ 'ಸ್' ಸೇರುತ್ತದೆ. 1996ರ ಕಾಗುಣಿತ ಸುಧಾರಣೆ ಇದನ್ನೇ ನಿಯಮ ಮಾಡಿತು. ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರಿಗೆ ಅವರು 'ಬೀಮರ್' ಅನ್ನುತ್ತಾರೆ. ಅಮೆರಿಕದವನಿಗೆ ಬೀಮರ್ ಅಂದರೆ ಬಿಎಂಡಬ್ಲ್ಯು ಕಾರು. ಔತಣಕ್ಕೆ ತೊಡುವ ಕಪ್ಪು ಸೂಟು 'ಸ್ಮೋಕಿಂಗ್'. 'ಸ್ಮೋಕಿಂಗ್ ಜಾಕೆಟ್' ಎಂಬುದರ ಹಿಂದಿನ ಪದ ಉಳಿದು ಮುಂದಿನದು ಉದುರಿದೆ. ಮನೆಯಲ್ಲೇ ಕೂತು ಮಾಡುವ ಕಚೇರಿ ಕೆಲಸ 'ಹೋಮ್ ಆಫೀಸ್'. 2020ರ ಕೊರೊನಾ ಕಾಲದಲ್ಲಿ ಈ ಪದ ಎಲ್ಲರ ಬಾಯಿಗೂ ಬಂತು. ಲಂಡನ್ನಿನಲ್ಲಿ ಹೋಮ್ ಆಫೀಸ್ ಅಂದರೆ ಗೃಹಖಾತೆ!

ಇಂಥ ಪದಗಳಿಗೆ ಜರ್ಮನ್ ಭಾಷಾವಿಜ್ಞಾನದಲ್ಲಿ ಒಂದು ಹೆಸರಿದೆ: 'ಶೈನ್‌ಆಂಗ್ಲಿಟ್ಸಿಸ್ಮುಸ್'. 'ಶೈನ್' ಅಂದರೆ ತೋರಿಕೆ. ಇಂಗ್ಲಿಷಿನಂತೆ ಕಾಣುವ, ಆದರೆ ಇಂಗ್ಲಿಷ್ ಅಲ್ಲದ ಪದ ಎಂದು ತಾತ್ಪರ್ಯ. ಬ್ರೋಡರ್ ಕಾರ್ಸ್ಟೆನ್ಸನ್ ಆರಂಭಿಸಿ ಉಲ್ರಿಶ್ ಬುಸ್ಸೆ ಮುಂದುವರಿಸಿದ ಮೂರು ಸಂಪುಟಗಳ ಆಂಗ್ಲಪದ ನಿಘಂಟು 1993ರಿಂದ 1996ರೊಳಗೆ ಹೊರಬಂತು. 'ತೋರಿಕೆಯ ಎರವಲು' ಎಂಬ ವರ್ಗವನ್ನು ಕಾರ್ಸ್ಟೆನ್ಸನ್ ಬಳಸಿದ್ದು ವರ್ಗೀಕರಣದ ಅನುಕೂಲಕ್ಕೆ. ಆದರೆ ಶಾಸ್ತ್ರದ ಪದ ಬೀದಿಗೆ ಬಂದಾಗ ಅದಕ್ಕೂ ಅರ್ಥಪಲ್ಲಟ ಆಗುತ್ತದಲ್ಲ! 'ತೋರಿಕೆಯ' ಎಂಬುದು 'ಸುಳ್ಳು' ಆಯಿತು, 'ಸುಳ್ಳು' ಎಂಬುದು 'ಇಂಗ್ಲಿಷ್ ಬಾರದವರ ಪೆದ್ದುತನ' ಆಯಿತು. ನನ್ನ ತಕರಾರು ಇರುವುದು ಇಲ್ಲಿ.

ಹಳೆಯ ಒಂದು ಪದ ನೋಡೋಣ. ಹನೋವರಿನ ಹೆರ್ಮನ್ ಬಾಲ್ಸನ್ 1891ರಲ್ಲಿ 'ಲೈಬ್‌ನಿಟ್ಸ್ ಕೇಕ್ಸ್' ಎಂಬ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದ. ಇಂಗ್ಲಿಷಿನ 'ಕೇಕ್' ಎಂಬುದರ ಬಹುವಚನ ಅದು. ಜನ ಅದನ್ನು ಏಕವಚನ ಅಂತಲೇ ತಿಳಿದರು, ನಾವು 'ಬೂಟ್ಸುಗಳು' ಅನ್ನುವ ಹಾಗೆ. 1911ರಲ್ಲಿ ಕಂಪನಿಯೇ ಇಂಗ್ಲಿಷ್ ಕಾಗುಣಿತ ಬಿಟ್ಟು ಜರ್ಮನ್ ಉಚ್ಚಾರಕ್ಕೆ ಒಪ್ಪುವಂತೆ ಬರೆಯತೊಡಗಿತು. ಈಗ ಒಂದಿದ್ದರೆ 'ಕೇಕ್ಸ್', ಹಲವಿದ್ದರೆ 'ಕೇಕ್ಸೆ'. ಅರ್ಥವೂ ಕೇಕ್ ಅಲ್ಲ, ಬಿಸ್ಕತ್ತು. ವಚನ ತಪ್ಪು, ಕಾಗುಣಿತ ತಪ್ಪು, ಅರ್ಥವೂ ತಪ್ಪು! ಆದರೂ ಇವತ್ತು ಯಾವ ಜರ್ಮನ್ ತಾಯಿಯೂ ಮಗುವಿಗೆ ಕೇಕ್ಸ್ ಕೊಡುವಾಗ ನಾಚಿಕೊಳ್ಳುವುದಿಲ್ಲ. ಕೇಕ್ಸಿಗೂ ಹ್ಯಾಂಡಿಗೂ ಇರುವ ದೊಡ್ಡ ಅಂತರ ವಯಸ್ಸಿನದು. ಹಾಗಾದರೆ 'ಸುಳ್ಳು' ಎಂಬುದು ಪದದ ಗುಣವಲ್ಲ. ಅದು ಕೇಳುವವನ ಕಿವಿಯಲ್ಲಿ ಮೂಲಭಾಷೆ ಇನ್ನೂ ಮೊಳಗುತ್ತಿದೆಯೇ ಎಂಬುದರ ಲೆಕ್ಕ, ಅಷ್ಟೆ.

ಇನ್ನೊಂದು ಪದ 'ಓಲ್ಡ್‌ಟೈಮರ್'. ಇಂಗ್ಲಿಷಿನಲ್ಲಿ ಹಳೆಯ ತಲೆ, ಅನುಭವಸ್ಥ. ಜರ್ಮನಿನಲ್ಲಿ ಹಳೆಯ ಕಾಲದ ಮೋಟಾರು ವಾಹನ. ಇದು ಬರೀ ಆಡುಮಾತಲ್ಲ. ವಾಹನ ನೋಂದಣಿಯ ನಿಯಮದಲ್ಲೇ ಓಲ್ಡ್‌ಟೈಮರ್ ಅಂದರೆ ಏನೆಂದು ವ್ಯಾಖ್ಯೆ ಇದೆ: ರಸ್ತೆಗಿಳಿದು ಕನಿಷ್ಠ 30 ವರ್ಷವಾಗಿ, ಮೂಲಸ್ಥಿತಿಯಲ್ಲಿ ಚೆನ್ನಾಗಿ ಉಳಿದಿರುವ ವಾಹನ. 1997ರಿಂದ ಇಂಥ ವಾಹನಗಳಿಗೆ 'ಎಚ್' ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟು ಉಂಟು. ಕಾನೂನಿನ ಪುಸ್ತಕ ಸೇರಿದ ಪದವನ್ನು ತೋರಿಕೆಯ ಪದ ಎಂದು ಕರೆಯುವುದರಲ್ಲಿ ಏನು ಅರ್ಥ?

ಅರ್ಥ ಮಾತ್ರವಲ್ಲ, ಪದದ ತೂಕವೂ ಬದಲಾಗುತ್ತದೆ. 'ಶಿಟ್‌ಸ್ಟಾರ್ಮ್' ಇಂಗ್ಲಿಷಿನಲ್ಲಿ ಸಭ್ಯರೆದುರು ಆಡದ ಮಾತು. ಜರ್ಮನಿನಲ್ಲಿ ಅದು ಅಂತರ್ಜಾಲದಲ್ಲಿ ಒಬ್ಬರ ಮೇಲೆ ಏಳುವ ಆಕ್ರೋಶದ ಬಿರುಗಾಳಿ. 2011ರ 'ವರ್ಷದ ಆಂಗ್ಲಪದ' ಎಂದು ಅದನ್ನೇ ಆರಿಸಿದರು. 2018ರಲ್ಲಿ ಚಾನ್ಸಲರ್ ಏಂಜೆಲಾ ಮರ್ಕೆಲ್ ಅದನ್ನು ತುಂಬಿದ ಸಭೆಯಲ್ಲಿ ಆಡಿದಾಗ ಇಂಗ್ಲಿಷ್ ಪತ್ರಿಕೆಗಳು ಹುಬ್ಬೇರಿಸಿದವು. ಆಕೆ ಆಡಿದ್ದು ಜರ್ಮನ್ ಪದ. ಬೈಗುಳ ಕೇಳಿಸಿದ್ದು ಇಂಗ್ಲಿಷ್ ಕಿವಿಗೆ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹೆರ್ಮನ್ ಡುಂಗರ್ 1899ರಷ್ಟು ಹಿಂದೆಯೇ ಜರ್ಮನಿನೊಳಗಿನ ಇಂಗ್ಲಿಷಿನ ಹಾವಳಿಯ ವಿರುದ್ಧ ಬರೆದವನು. 1997ರಲ್ಲಿ ಡೋರ್ಟ್‌ಮುಂಡಿನಲ್ಲಿ ಹುಟ್ಟಿದ ಜರ್ಮನ್ ಭಾಷಾ ಸಂಘ ಆಂಗ್ಲಪದಗಳ ಸೂಚಿಯನ್ನೇ ಹೊರಡಿಸುತ್ತದೆ. ಆ ಸೂಚಿಯಲ್ಲಿ ಪದಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಭಾಷೆಯ ಕೊರತೆ ತುಂಬುವವು, ಸೂಕ್ಷ್ಮ ವ್ಯತ್ಯಾಸ ತೋರುವವು, ಇದ್ದ ಪದವನ್ನು ಹೊರದೂಡುವವು. ಸಂಘದ ಹಟವನ್ನು ನಾನು ಒಪ್ಪದಿದ್ದರೂ ಈ ವಿಂಗಡಣೆ ಮೆಚ್ಚತಕ್ಕದ್ದು. ಇದು ಪದ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ, ಬಂದ ಮನೆಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳುತ್ತದೆ. ಇಷ್ಟವಾಗದ ಪದಗಳನ್ನು ಹಿಡಿಯಲು ಮಾಡಿದ ಈ ಜರಡಿ, ವಿದ್ವಾಂಸರ 'ತೋರಿಕೆ'ಗಿಂತ ಹೆಚ್ಚು ಶಾಸ್ತ್ರೀಯವಾಗಿದೆ!

ನಿಜವಾದ ತೊಂದರೆಯೂ ಇದೆ. ಸುಗಂಧದ್ರವ್ಯ ಮಾರುವ ಡಗ್ಲಸ್ ಎಂಬ ಜರ್ಮನ್ ಅಂಗಡಿ ಸರಣಿ 'ಕಮ್ ಇನ್ ಆಂಡ್ ಫೈಂಡ್ ಔಟ್' ಎಂದು ಇಂಗ್ಲಿಷಿನಲ್ಲೇ ಜಾಹೀರಾತು ಮಾಡಿತ್ತು. 'ಒಳಗೆ ಬನ್ನಿ, ಹೊರಗೆ ಹೋಗುವ ದಾರಿ ಹುಡುಕಿಕೊಳ್ಳಿ' ಅಂತ ಅರ್ಥ ಮಾಡಿಕೊಂಡ ಗಿರಾಕಿಗಳಿದ್ದಾರೆ ಎಂಬುದು 2003ರ ಒಂದು ಸಮೀಕ್ಷೆಯಿಂದ ಪ್ರಸಿದ್ಧವಾಯಿತು. ಆದರೆ ಈ ವಾಕ್ಯದ ಇಂಗ್ಲಿಷ್ ಶುದ್ಧ! ಹ್ಯಾಂಡಿ 'ಸುಳ್ಳು', ಆದರೆ ಅಜ್ಜಿಗೂ ಅರ್ಥವಾಗುತ್ತದೆ. ಜಾಹೀರಾತು 'ನಿಜ', ಆದರೆ ಊರಿಗೇ ಅರ್ಥವಾಗುವುದಿಲ್ಲ. ಹಾಗಾದರೆ ಯಾವುದು ಜರ್ಮನ್?

ಐನಾರ್ ಹೌಗೆನ್ 1950ರಲ್ಲಿ 'ಎರವಲು' ಎಂಬ ರೂಪಕವೇ ಅಸಂಗತ ಎಂದು ಒಪ್ಪಿಕೊಂಡಿದ್ದ. ಕೊಟ್ಟವನಿಗೆ ಕೊಟ್ಟದ್ದೇ ಗೊತ್ತಿಲ್ಲ, ತಕ್ಕೊಂಡವನು ಹಿಂದಿರುಗಿಸಬೇಕಾಗಿಲ್ಲ. ಹಿಂದಿರುಗಿಸಬೇಕಾಗಿಲ್ಲದ ವಸ್ತುವನ್ನು ಕೊಟ್ಟವನ ಇಷ್ಟದಂತೆ ಇಟ್ಟುಕೊಳ್ಳಬೇಕೆಂದು ಹಟ ಹಿಡಿಯುವುದು ಯಾಕೆ?

ಇನ್ನು ನಮ್ಮ ಮನೆಗೆ ಬರೋಣ. ದಾರಿಯೂ ಜರ್ಮನಿಯಿಂದಲೇ ಇದೆ. ಪೂರ್ವ ಫ್ರಿಸಿಯಾದಲ್ಲಿ ಹುಟ್ಟಿದ ಕಿಟ್ಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಹೊರತಂದರು. ಕೇಶಿರಾಜ ತದ್ಭವಗಳನ್ನು ವಿವರಿಸುವ ಭಾಗದ ಹೆಸರು ಅಪಭ್ರಂಶ ಪ್ರಕರಣ. ಹೆಸರಿನಲ್ಲಿ 'ಜಾರಿ ಬಿದ್ದದ್ದು' ಎಂಬ ಧ್ವನಿ ಇದೆ, ಆದರೆ ಒಳಗಿರುವುದು ನಿಯಮ. ಯಾವ ಅಕ್ಷರ ಯಾವುದಾಗುತ್ತದೆ ಎಂಬ ಕ್ರಮ. ಉಚ್ಚಾರ ಬದಲಾದದ್ದನ್ನು ನಮ್ಮ ಹಿರಿಯರು ಹೀಗೆ ವ್ಯಾಕರಣದೊಳಗೆ ಸೇರಿಸಿಕೊಂಡರು. ಅರ್ಥ ಬದಲಾದದ್ದಕ್ಕೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಕಾಸರಗೋಡಿನ ಶಾಲೆಯಲ್ಲಿ ಓದುವಾಗ ನಾನು ಒಂದು ಪ್ರಬಂಧದಲ್ಲಿ 'ನನಗೆ ಮಾತಾಡುವ ಅವಸರ ಸಿಗಲಿಲ್ಲ' ಎಂದು ಬರೆದಿದ್ದೆ. ಮಲಯಾಳದಲ್ಲಿ ಅವಸರಂ ಅಂದರೆ ಅವಕಾಶ. ನೆರೆಮನೆಯ ಮಾತು ಪೆನ್ನಿಗೆ ಬಂದಿತ್ತು. ಮಾಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಎಂತದಾ ಇದು? ಅವಸರ ಅಂದ್ರೆ ಗಡಿಬಿಡಿ" ಅಂತ ಹೇಳಿದರು. ಅನೇಕ ವರ್ಷಗಳ ಮೇಲೆ ನಿಘಂಟು ನೋಡಿದಾಗ ತಿಳಿಯಿತು, ಸಂಸ್ಕೃತದಲ್ಲಿ ಅವಸರ ಅಂದರೆ ಸಂದರ್ಭ, ಅವಕಾಶ. ಮೂಲಾರ್ಥವೇ ಸರಿ ಎಂಬ ಅಳತೆಗೋಲು ಹಿಡಿದರೆ ನನ್ನದು ಸರಿ, ಮಾಷ್ಟ್ರದು, ಇಡೀ ಕನ್ನಡನಾಡಿನದು, 'ತೋರಿಕೆಯ ಸಂಸ್ಕೃತ'! ತೆಲುಗಿನಲ್ಲಿ ಅದೇ ಅವಸರಂ ಅಂದರೆ ಅಗತ್ಯ. 'ಸಂಸಾರ'ವೂ ಹಾಗೆಯೇ: ಕನ್ನಡದಲ್ಲಿ ಕುಟುಂಬ, ತಮಿಳಿನಲ್ಲಿ ಹೆಂಡತಿ, ಮಲಯಾಳದಲ್ಲಿ ಮಾತುಕತೆ. ಇವುಗಳಲ್ಲಿ ಸುಳ್ಳು ಯಾವುದು? ಯಾವುದೂ ಅಲ್ಲ. ಪ್ರತಿಯೊಂದೂ ತನ್ನ ಮನೆಯಲ್ಲಿ ನಿಜ. ಮಾಷ್ಟ್ರನ್ನು ನಾನು ದೂರುವುದಿಲ್ಲ. ಶಿಷ್ಟ ಕನ್ನಡದ ಪರೀಕ್ಷೆಗೆ ಅವರು ಹೇಳಿದ್ದು ಸರಿಯೇ. ಪರೀಕ್ಷೆಗೆ ಹೊಂದುವ ಆ ಕೆಂಪು ಗೀಟನ್ನು ಉಪಭಾಷೆಯ ಅಧ್ಯಯನಕ್ಕೂ ತಂದರೆ ಮಾತ್ರ ಅನ್ಯಾಯ.

ಗಡಿಯಲ್ಲಿ ಎರಡು ಮೂರು ಮನೆಗಳ ಅರ್ಥ ಒಂದೇ ನಾಲಿಗೆಯ ಮೇಲೆ ಸೇರುತ್ತವೆ. ತಾಳವಾಡಿಯಲ್ಲಿ ತಮಿಳಿನ ಜೊತೆ, ಅಕ್ಕಲಕೋಟೆಯಲ್ಲಿ ಮರಾಠಿಯ ಜೊತೆ, ರಾಯದುರ್ಗದಲ್ಲಿ ತೆಲುಗಿನ ಜೊತೆ ಬಾಳಿದ ಕನ್ನಡದಿಂದ ಪದಸಂಗ್ರಹ ಮಾಡುವವರಲ್ಲಿ ನನ್ನದೊಂದು ವಿನಂತಿ. ಪಟ್ಟಿಯಲ್ಲಿ 'ಅಶುದ್ಧ' ಎಂಬ ಕಾಲಂ ಬೇಡ. ಅದರ ಜಾಗದಲ್ಲಿ ಮೂರು ಸಂಗತಿ ಬರೆಯಿರಿ: ಪದ ಯಾವ ದಾರಿಯಿಂದ ಬಂತು, ಇಲ್ಲಿ ಯಾವ ಅರ್ಥದಲ್ಲಿ ನಿಂತಿದೆ, ಯಾರು ಯಾರೊಡನೆ ಆಡುತ್ತಾರೆ. 'ಅಶುದ್ಧ' ಎಂದು ಬರೆಸಿಕೊಳ್ಳಬೇಕಾದೀತು ಎಂದು ಗೊತ್ತಾದರೆ ಮುದುಕಿಯೊಬ್ಬಳು ಆ ಪದವನ್ನು ನಮ್ಮೆದುರು ಆಡುವುದನ್ನೇ ನಿಲ್ಲಿಸುತ್ತಾಳೆ. ಆಮೇಲೆ ಸಂಗ್ರಹಿಸಲು ನಮಗೆ ಉಳಿಯುವುದು ಪಠ್ಯಪುಸ್ತಕದ ಕನ್ನಡ ಮಾತ್ರ.